ಪೈಥಾನ್ ವೆಬ್ ಆ್ಯಪ್ ಅನ್ನು ಕಂಟೇನರ್‌ಗೆ ಹಾಕುವುದು: ಎಡವುವ ಜಾಗಗಳ ಸಮೇತ

ಗಂಗಾವತಿ, ಸಿಂಧನೂರು, ರಾಯಚೂರು ಕಡೆಯ ಹುಡುಗರಿಂದ ನನಗೆ ಬರುವ ಫೋನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಸರ್, ಡಾಕರ್ ಪಿಎಸ್ ಹೊಡದ್ರ ಅಪ್ ಅಂತ ತೋರಸ್ತದ್ರಿ. ಬ್ರೌಸರ್‌ದಾಗ ಮಾತ್ರ ಏನೂ ಬರಂಗಿಲ್ಲ." ಅದು ಸರಿಹೋದ ವಾರಕ್ಕೆ ಎರಡನೇ ಫೋನ್: "ನಿನ್ನೆ ತನಕ ಹಾಕಿದ ಎಂಟ್ರಿ ಎಲ್ಲಾ ಹೋಗ್ಯಾವ್ರಿ."

ಕಂಟೇನರ್ ಅಂದರೆ ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ತುಂಬಿದ ಡಬ್ಬಿ. ಅದನ್ನು ಮಾಡಿ ಓಡಿಸುವ ಸಾಫ್ಟ್‌ವೇರ್ ಡಾಕರ್, ಓಡುತ್ತಿರುವ ಕಂಟೇನರ್ ತೋರಿಸುವ ಕಮಾಂಡ್ ಡಾಕರ್ ಪಿಎಸ್. ಎರಡೂ ಫೋನಿಗೆ ಮೂಲ ಒಂದೇ. ಕಂಟೇನರ್ ಒಳಗಿರುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಬೇರೊಂದು ಮಷೀನು ಅಂತಲೇ ತಿಳಿಯಿರಿ. ಅದರ ವಿಳಾಸ ಬೇರೆ, ಫೈಲುಗಳು ಬೇರೆ, ಗಡಿಯಾರದ ಲೆಕ್ಕವೂ ಬೇರೆ. ಮುಂದಿನ ಪ್ರತಿ ಹಂತದಲ್ಲೂ ಈ ಮಾತು ಬರುತ್ತದೆ.

ಉದಾಹರಣೆಗೆ ನಾನು ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿಗೆ ಬರೆದುಕೊಟ್ಟ ಸಣ್ಣ ಆ್ಯಪ್ ತೆಗೆದುಕೊಳ್ಳೋಣ. ಹೆಸರು "ಕಾಟಾ". ಭತ್ತದ ಲಾರಿಯ ತುಂಬಿದ ತೂಕ, ಖಾಲಿ ತೂಕ ಹಾಕಿದರೆ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಎಷ್ಟು ಚೀಲ ಅಂತ ಹೇಳಿ ಚೀಟಿ ಕೊಡುತ್ತದೆ. ತುಂಬಿದ್ದು 12,480, ಖಾಲಿ 4,230 ಇದ್ದರೆ ಭತ್ತ 8,250 ಕೆ.ಜಿ., ಅಂದರೆ 110 ಚೀಲ. ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು. ಎಂಟ್ರಿಗಳು ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್‌ನಲ್ಲಿ ಕೂರುತ್ತವೆ. ಅಷ್ಟೇ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಓದಿಕೊಳ್ಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಚುಕ್ಕೆ, ಅಡ್ಡಗೆರೆ, ಕೋಲನ್ ಮಾತ್ರ ಇದ್ದ ಜಾಗದಲ್ಲೇ ಇರಲಿ.

## ಮೊದಲು ಬೇಕಾದ ಸಾಮಾನು

ವಿಂಡೋಸ್ ಆದರೆ ಡಾಕರ್ ಡೆಸ್ಕ್‌ಟಾಪ್, ಅದರ ಕೆಳಗೆ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ). ಉಬುಂಟು ಆದರೆ ಡಾಕರ್ ಎಂಜಿನ್ ಸಾಕು. ರ‍್ಯಾಮ್ 8 ಜಿಬಿ ಇದ್ದರೆ ಆರಾಮ, 4 ಜಿಬಿಯಲ್ಲಿ ವಿಂಡೋಸ್ ತೆವಳುತ್ತದೆ.

ಡಾಕರ್ ಡೆಸ್ಕ್‌ಟಾಪ್ ಶುರುವಾಗುವಾಗಲೇ ವರ್ಚುವಲೈಸೇಶನ್ ಬಗ್ಗೆ ಗೊಣಗಿದರೆ ಅದನ್ನು ತೆಗೆದು ಮತ್ತೆ ಹಾಕುತ್ತಾ ಕೂರಬೇಡಿ. ಮಷೀನ್ ಆನ್ ಮಾಡುವಾಗ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ) ಹೋಗಿ ವರ್ಚುವಲೈಸೇಶನ್ ಆನ್ ಮಾಡಿ. ಹಳೆಯ ಆಫೀಸ್ ಕಂಪ್ಯೂಟರ್‌ಗಳಲ್ಲಿ ಅದು ಆಫ್ ಇರುವುದೇ ಜಾಸ್ತಿ.

ಬರೆಯಲು ವಿಎಸ್ ಕೋಡ್ ಥರದ ಎಡಿಟರ್ ಬಳಸಿ. ನೋಟ್‌ಪ್ಯಾಡ್ ಬೇಡ. ಕಾರಣ ಮೂರನೇ ಹಂತದಲ್ಲಿ.

## ಹಂತ 1: ಕಂಟೇನರ್ ಇಲ್ಲದೆ ಓಡಿಸಿ

ಹತ್ತರಲ್ಲಿ ಎಂಟು ಮಂದಿ ಇದನ್ನು ಬಿಟ್ಟು ನೇರ ಡಾಕರ್‌ಗೆ ಹಾರುತ್ತಾರೆ. ಆಮೇಲೆ ತಪ್ಪು ಪೈಥಾನ್‌ದೋ ಡಾಕರ್‌ದೋ ಗೊತ್ತಾಗದೆ ರಾತ್ರಿಯೆಲ್ಲಾ ಕೂರುತ್ತಾರೆ. ಮೊದಲು ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಆ್ಯಪ್‌ನ ಪ್ಯಾಕೇಜ್‌ಗಳಿಗೇ ಪ್ರತ್ಯೇಕ ಫೋಲ್ಡರ್) ಮಾಡಿ, ಅದರಲ್ಲಿ ಫ್ಲಾಸ್ಕ್ ಹಾಕಿ, ಆ್ಯಪ್ ಓಡಿಸಿ, ಒಂದು ಚೀಟಿ ತೆಗೆದು ನೋಡಿ.

ಇಲ್ಲೇ ಮೂರು ವಿಷಯ ಸರಿಮಾಡಿಕೊಂಡರೆ ಮುಂದೆ ತಲೆನೋವು ಇಲ್ಲ.

ಡೇಟಾಬೇಸ್ ಫೈಲಿನ ಜಾಗವನ್ನು ಕೋಡಿನಲ್ಲಿ ಗಟ್ಟಿಯಾಗಿ ಬರೆಯಬೇಡಿ. ಡಿಬಿ_ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಕೋಡಿನ ಹೊರಗಿನಿಂದ ಕೊಡುವ ಸೆಟ್ಟಿಂಗ್) ಓದಿಸಿ. ಅದು ಇಲ್ಲದಿದ್ದರೆ ಇದೇ ಫೋಲ್ಡರ್ ಅಂತ ಬಿಡಿ.

ಟೇಬಲ್ ಸೃಷ್ಟಿಸುವ ಸಾಲು ಎಲ್ಲಿದೆ ನೋಡಿ. ಬಹಳ ಜನ ಅದನ್ನು ಫೈಲಿನ ಕೊನೆಯ "ಇಫ್ ನೇಮ್ ಈಕ್ವಲ್ಸ್ ಮೇನ್" ಭಾಗದೊಳಗೆ ಇಟ್ಟಿರುತ್ತಾರೆ. ಕಂಟೇನರ್‌ನಲ್ಲಿ ನಾವು ಬಳಸುವ ಸರ್ವರ್ ಆ ಭಾಗವನ್ನು ಓಡಿಸುವುದೇ ಇಲ್ಲ. ಪರಿಣಾಮ, ಮನೆಯಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ "ನೋ ಸಚ್ ಟೇಬಲ್" ಅನ್ನುತ್ತದೆ. ಆ ಸಾಲನ್ನು ಹೊರಗೆ ತನ್ನಿ. ಟೇಬಲ್ ಮೊದಲೇ ಇದ್ದರೆ ಸುಮ್ನೆ ಬಿಡುವ ಹಾಗೆ "ಇಫ್ ನಾಟ್ ಎಕ್ಸಿಸ್ಟ್ಸ್" ಸೇರಿಸಿ.

ಮೂರನೆಯದು ಫೋಲ್ಡರ್ ಹೆಸರು. ವಿಂಡೋಸ್‌ಗೆ ದೊಡ್ಡಕ್ಷರ ಸಣ್ಣಕ್ಷರ ಒಂದೇ. ಕಂಟೇನರ್ ಒಳಗಿರುವ ಲಿನಕ್ಸ್‌ಗೆ ಎರಡೂ ಬೇರೆ. ಫ್ಲಾಸ್ಕ್ ಹುಡುಕುವುದು ಸಣ್ಣ 'ಟಿ' ಇರುವ ಟೆಂಪ್ಲೇಟ್ಸ್ ಫೋಲ್ಡರ್. ನೀವು ದೊಡ್ಡ 'ಟಿ' ಇಟ್ಟಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಪೇಜ್ ಬರುತ್ತದೆ, ಕಂಟೇನರ್‌ನಲ್ಲಿ "ಟೆಂಪ್ಲೇಟ್ ನಾಟ್ ಫೌಂಡ್".

## ಹಂತ 2: ಪ್ಯಾಕೇಜ್ ಪಟ್ಟಿ

ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ನಮಗೆ ಬೇಕಾದದ್ದು ಎರಡೇ ಸಾಲು: ಫ್ಲಾಸ್ಕ್, ಮತ್ತು ಗುನಿಕಾರ್ನ್. (ಯುನಿಕಾರ್ನ್‌ನ ಮುಂದೆ 'ಜಿ' ಅಕ್ಷರ ಸೇರಿಸಿದ ಸ್ಪೆಲ್ಲಿಂಗ್.) ನಿಮ್ಮಲ್ಲಿ ಈಗ ಓಡುತ್ತಿರುವ ವರ್ಶನ್ ನಂಬರನ್ನೂ ಪಕ್ಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಬಿಲ್ಡ್ ಮಾಡಿದಾಗ ಬೇರೆಯೇ ವರ್ಶನ್ ಬಂದು ಕೂರುತ್ತದೆ.

"ಪಿಪ್ ಫ್ರೀಜ್" ಕೊಟ್ಟ ಪಟ್ಟಿಯನ್ನು ಕಣ್ಣು ಮುಚ್ಚಿ ಅಂಟಿಸಬೇಡಿ. ವಿಂಡೋಸ್‌ಗೆ ಮಾತ್ರ ಇರುವ ಪೈವಿನ್32 ಥರದ ಪ್ಯಾಕೇಜ್ ಅದರಲ್ಲಿ ನುಸುಳಿರುತ್ತದೆ. ಲಿನಕ್ಸ್‌ನಲ್ಲಿ ಅದು ಇನ್‌ಸ್ಟಾಲ್ ಆಗದೆ ಇಡೀ ಬಿಲ್ಡ್ ನಿಲ್ಲುತ್ತದೆ.

ಗುನಿಕಾರ್ನ್ ಯಾಕೆ? ಫ್ಲಾಸ್ಕ್ ಜೊತೆ ಬರುವ ಸರ್ವರ್ ಬರೀ ಕೋಡ್ ಬರೆಯುವಾಗಿನ ಉಪಯೋಗಕ್ಕೆ. ಶುರುವಾದಾಗ ತಾನೇ ಕೆಂಪಕ್ಷರದಲ್ಲಿ ಹಾಗಂತ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೇ. ಗುನಿಕಾರ್ನ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಅಲ್ಲಿ ಓಡಿಸಿ ನೋಡಲು ಹೋಗಬೇಡಿ. ಕಂಟೇನರ್ ಒಳಗೆ ಓಡುತ್ತದೆ.

## ಹಂತ 3: ಡಾಕರ್‌ಫೈಲ್

ಆ್ಯಪ್ ಇರುವ ಫೋಲ್ಡರ್‌ನಲ್ಲೇ "ಡಾಕರ್‌ಫೈಲ್" ಅಂತ ಫೈಲ್ ಮಾಡಿ. ಏನೇನು ತುಂಬಬೇಕು ಅಂತ ಡಾಕರ್‌ಗೆ ಹೇಳುವ ಪಟ್ಟಿ ಇದು. 'ಡಿ' ದೊಡ್ಡಕ್ಷರ, ಬಾಲ ಇಲ್ಲ. ನೋಟ್‌ಪ್ಯಾಡ್ ಅದಕ್ಕೆ ಸದ್ದಿಲ್ಲದೆ ಡಾಟ್ ಟಿಎಕ್ಸ್‌ಟಿ ಅಂಟಿಸುತ್ತದೆ, ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತದೆ. ಫೈಲ್ ಕಣ್ಣೆದುರೇ ಇದ್ದರೂ ಡಾಕರ್ ಇಲ್ಲ ಅನ್ನುವುದು ಇದಕ್ಕೇ.

ಸಾಲುಗಳು ಹೀಗೆ:

ಫ್ರಮ್ ಪೈಥಾನ್:3.12-ಸ್ಲಿಮ್
ಎನ್ವ್ ಪೈಥಾನ್‌ಅನ್‌ಬಫರ್ಡ್=1
ಎನ್ವ್ ಡಿಬಿ_ಪಾತ್=/ಡೇಟಾ/ಕಾಟಾ.ಡಿಬಿ
ವರ್ಕ್‌ಡೈರ್ /ಆ್ಯಪ್
ಕಾಪಿ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ .
ರನ್ ಪಿಪ್ ಇನ್‌ಸ್ಟಾಲ್ --ನೋ-ಕ್ಯಾಶ್-ಡೈರ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ
ಕಾಪಿ . .
ರನ್ ಯೂಸರ್‌ಆ್ಯಡ್ -ಎಂ ಮಿಲ್ && ಎಂಕೆಡೈರ್ /ಡೇಟಾ && ಚೋನ್ ಮಿಲ್ /ಡೇಟಾ
ಯೂಸರ್ ಮಿಲ್
ಸಿಎಂಡಿ ["ಗುನಿಕಾರ್ನ್", "-ಡಬ್ಲ್ಯು", "2", "-ಬಿ", "0.0.0.0:8000", "ಆ್ಯಪ್:ಆ್ಯಪ್"]

ಮೊದಲ ಸಾಲಿನ "ಸ್ಲಿಮ್" ಮರೆಯಬೇಡಿ. ಅದಿಲ್ಲದ ಪೂರ್ತಿ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ಡಿಸ್ಕ್‌ನಲ್ಲಿ 1 ಜಿಬಿ ಹತ್ತಿರ ತಿನ್ನುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತವರಿಗೆ ಅವತ್ತಿನ ಡೇಟಾ ಅಲ್ಲಿಗೇ ಮುಗಿಯುತ್ತದೆ. ಇನ್ನೂ ಚಿಕ್ಕದು ಅಂತ ಆಲ್ಪೈನ್ ಲಿನಕ್ಸ್ ಇಮೇಜ್ ಹಿಂದೆ ಓಡುವವರೂ ಇದ್ದಾರೆ. ನನ್ನ ಮಾತು ಕೇಳಿ, ಬೇಡ. ಅದರ ಸಿ ಲೈಬ್ರರಿ ಬೇರೆ. ಕೆಲವು ಪ್ಯಾಕೇಜ್‌ಗಳಿಗೆ ತಯಾರು ಫೈಲ್ ಸಿಗದೆ ಅಲ್ಲೇ ಕಂಪೈಲ್ ಆಗಲು ಹೊರಡುತ್ತವೆ. ಉಳಿಸಿದ ಜಾಗಕ್ಕಿಂತ ಕಳೆದ ಹೊತ್ತು ಜಾಸ್ತಿ.

ಎರಡನೇ ಸಾಲು ಇಲ್ಲದಿದ್ದರೆ ನೀವು ಹಾಕಿದ ಪ್ರಿಂಟ್ ಸಾಲುಗಳು ಲಾಗ್‌ನಲ್ಲಿ ಕಾಣಲು ತಡವಾಗುತ್ತದೆ. ಆ್ಯಪ್ ಬಿದ್ದರೆ ಕಾಣದೆಯೂ ಹೋಗಬಹುದು.

ಪಟ್ಟಿಯನ್ನು ಮೊದಲು ಕಾಪಿ ಮಾಡಿ, ಇನ್‌ಸ್ಟಾಲ್ ಮಾಡಿ, ಆಮೇಲೆ ಕೋಡ್ ಕಾಪಿ ಮಾಡಿದ್ದೇವೆ, ಗಮನಿಸಿದಿರಾ? ಡಾಕರ್ ಪ್ರತಿ ಸಾಲಿನ ಫಲವನ್ನು ಪದರಪದರವಾಗಿ ಇಟ್ಟುಕೊಳ್ಳುತ್ತದೆ. ಒಂದು ಪದರ ಬದಲಾದರೆ ಅದರ ನಂತರದವೆಲ್ಲ ಹೊಸದಾಗಿ ಆಗಬೇಕು. ಕೋಡನ್ನು ಮೊದಲು ಹಾಕಿದರೆ ಚೀಟಿಯ ಮೇಲಿನ ಒಂದು ಅಕ್ಷರ ತಿದ್ದಿದಾಗಲೂ ಎಲ್ಲ ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಆಗುತ್ತವೆ.

ಕೊನೆಯ ಸಾಲಿನಲ್ಲಿ ಚೌಕ ಕಂಸ, ಜೋಡಿ ಉದ್ಧರಣ ಚಿಹ್ನೆ ಹಾಗೇ ಇರಲಿ. ಒಂಟಿ ಚಿಹ್ನೆ ಹಾಕಿದರೆ ಡಾಕರ್ ಅದನ್ನು ಪಟ್ಟಿ ಅಂತ ಓದುವುದಿಲ್ಲ, ಶೆಲ್‌ಗೆ ಕೊಟ್ಟುಬಿಡುತ್ತದೆ.

"-ಡಬ್ಲ್ಯು 2" ಅಂದರೆ ಇಬ್ಬರು ಕೆಲಸದವರು, ಆ್ಯಪ್‌ನ ಎರಡು ಪ್ರತಿ ಒಟ್ಟಿಗೆ ಓಡುತ್ತವೆ. ಇದರಲ್ಲಿ ಒಂದು ಮೋಜಿನ ಬಲೆ ಇದೆ. ಎಂಟ್ರಿಗಳನ್ನು ಡೇಟಾಬೇಸ್ ಬದಲು ಪೈಥಾನ್ ಲಿಸ್ಟ್‌ನಲ್ಲಿ ಇಟ್ಟಿದ್ದರೆ ಇಬ್ಬರ ಬಳಿಯೂ ಬೇರೆಬೇರೆ ಲಿಸ್ಟ್ ಇರುತ್ತದೆ. ಒಮ್ಮೆ ರಿಫ್ರೆಶ್ ಮಾಡಿದರೆ ಲಾರಿ ಕಾಣುತ್ತದೆ, ಇನ್ನೊಮ್ಮೆ ಮಾಡಿದರೆ ಮಾಯ. ಕೊಪ್ಪಳದ ಒಬ್ಬ ಹುಡುಗ ಇದನ್ನು ವೈರಸ್ ಅಂದುಕೊಂಡಿದ್ದ.

ಇದೇ ಫೋಲ್ಡರ್‌ನಲ್ಲಿ "ಡಾಟ್ ಡಾಕರ್‌ಇಗ್ನೋರ್" ಎಂಬ ಇನ್ನೊಂದು ಫೈಲ್ ಮಾಡಿ. ವರ್ಚುವಲ್ ಎನ್ವಿರಾನ್‌ಮೆಂಟ್ ಫೋಲ್ಡರ್, ಗಿಟ್ ಫೋಲ್ಡರ್, ಪಾಸ್‌ವರ್ಡ್ ಇರುವ ಡಾಟ್ ಎನ್ವ್ ಫೈಲ್, ಪರೀಕ್ಷೆಯ ಡೇಟಾಬೇಸ್ ಇವಿಷ್ಟರ ಹೆಸರನ್ನು ಅದರಲ್ಲಿ ಬರೆಯಿರಿ. ಇಲ್ಲದಿದ್ದರೆ "ಕಾಪಿ . ." ಎಲ್ಲವನ್ನೂ ಬಾಚಿಕೊಂಡು ಒಳಗೆ ಹಾಕುತ್ತದೆ, ಪಾಸ್‌ವರ್ಡ್ ಸಮೇತ.

## ಹಂತ 4: ಬಿಲ್ಡ್

ಡಾಕರ್ ಬಿಲ್ಡ್ -ಟಿ ಕಾಟಾ:1 .

ಕೊನೆಯ ಚುಕ್ಕೆ ಬಿಟ್ಟರೆ ಆರ್ಗ್ಯುಮೆಂಟ್ ಸಾಲದು ಅನ್ನುತ್ತದೆ. ಆ ಚುಕ್ಕೆ ಅಂದರೆ "ಈ ಫೋಲ್ಡರ್". ಇಮೇಜ್‌ಗೆ 1, 2 ಅಂತ ನಂಬರ್ ಕೊಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಹೊಸದು ಕೆಟ್ಟರೆ ಹಳೆಯದಕ್ಕೆ ಹಿಂತಿರುಗಲು ಅದೇ ಸುಲಭದ ದಾರಿ.

## ಹಂತ 5: ಓಡಿಸಿ, ಬಾಗಿಲು ತೆರೆಯಿರಿ

ಮೊದಲ ಸಲ ಹೀಗೆ ಓಡಿಸಿ:

ಡಾಕರ್ ರನ್ --ಆರ್‌ಎಂ -ಪಿ 8000:8000 ಕಾಟಾ:1

ಲಾಗ್ ಕಣ್ಣೆದುರೇ ಹರಿಯಲಿ. ಹಿನ್ನೆಲೆಗೆ ಕಳಿಸುವ "-ಡಿ" ಈಗ ಬೇಡ. "ಲಿಸನಿಂಗ್ ಆ್ಯಟ್" ಮುಂದೆ 0.0.0.0:8000 ಅಂತ ಕಂಡರೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್:8000 ತೆರೆಯಿರಿ.

ಮೊದಲ ಫೋನ್ ಬರುವುದು ಈ ಜಾಗದಿಂದಲೇ. ಅಲ್ಲಿ 127.0.0.1 ಅಂತ ಇದ್ದರೆ ಆ್ಯಪ್ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ ಅಂತ ಅರ್ಥ. 127.0.0.1 ಅಂದರೆ "ಇದೇ ಮಷೀನು". ಕಂಟೇನರ್ ಒಳಗೆ ಕೂತು ಹಾಗಂದರೆ ಅದು ಕಂಟೇನರ್ ಮಾತ್ರ, ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಹೊರಗಿನ ಕರೆ ಅದಕ್ಕೆ ಕೇಳುವುದೇ ಇಲ್ಲ. 0.0.0.0 ಅಂದರೆ "ಯಾವ ಕಡೆಯಿಂದ ಬಂದರೂ ಕೇಳುತ್ತೇನೆ". ಫ್ಲಾಸ್ಕ್‌ನ ಸ್ವಂತ ಸರ್ವರ್ ಏನೂ ಹೇಳದಿದ್ದರೆ 127.0.0.1 ಮೇಲೆ, 5000 ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಬಾಗಿಲಿನ ನಂಬರ್) ಕೂರುತ್ತದೆ. ಗುನಿಕಾರ್ನ್ ಬಿಟ್ಟು ಅದನ್ನೇ ಓಡಿಸಿದವರು ಬೀಳುವುದು ಇದೇ ಗುಂಡಿಗೆ.

ಬ್ರೌಸರ್ ಏನನ್ನುತ್ತದೆ ಅನ್ನುವುದೂ ಸುಳಿವು. "ರೆಫ್ಯೂಸ್ಡ್" ಬಂದರೆ ಪೋರ್ಟನ್ನೇ ಹೊರಗೆ ತೆರೆದಿಲ್ಲ, ಅಥವಾ ಕಂಟೇನರ್ ನಿಂತಿದೆ. "ಎಂಪ್ಟಿ ರೆಸ್ಪಾನ್ಸ್" ಅಥವಾ "ರೀಸೆಟ್" ಬಂದರೆ ಹೊರಬಾಗಿಲು ತೆರೆದಿದೆ, ಒಳಗೆ ಯಾರೂ ಓಗೊಡುತ್ತಿಲ್ಲ. ಆಗ 127.0.0.1 ಅಥವಾ ಪೋರ್ಟ್ ನಂಬರ್ ತಪ್ಪು.

"-ಪಿ" ಮುಂದಿನ ಎರಡು ನಂಬರ್‌ನಲ್ಲಿ ಎಡಗಡೆಯದು ನಿಮ್ಮ ಮಷೀನಿನದು, ಬಲಗಡೆಯದು ಕಂಟೇನರ್‌ದು. 8000 ಈಗಾಗಲೇ ಬೇರೆಯವರ ಕೈಯಲ್ಲಿದ್ದರೆ ಎಡಗಡೆಯದನ್ನು ಮಾತ್ರ ಬದಲಿಸಿ.

ಇನ್ನೊಂದು ಎಡವಟ್ಟು. ಈ ಆಯ್ಕೆಗಳೆಲ್ಲ ಇಮೇಜ್ ಹೆಸರಿಗಿಂತ ಮೊದಲೇ ಬರಬೇಕು. "ಡಾಕರ್ ರನ್ ಕಾಟಾ:1 -ಪಿ 8000:8000" ಅಂತ ಬರೆದರೆ ಡಾಕರ್ ಆ "-ಪಿ"ಯನ್ನು ಕಂಟೇನರ್ ಒಳಗೆ ಓಡಿಸಬೇಕಾದ ಕಮಾಂಡ್ ಅಂದುಕೊಳ್ಳುತ್ತದೆ.

ಮಿಲ್ಲಿನ ಬೇರೆ ಕಂಪ್ಯೂಟರ್‌ನಿಂದ ನೋಡಬೇಕಾದರೆ ಲೋಕಲ್‌ಹೋಸ್ಟ್ ಅಲ್ಲ, ಈ ಮಷೀನಿನ ಐಪಿ ವಿಳಾಸ ಹಾಕಬೇಕು. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದರೆ ಖಾಸಗಿ ನೆಟ್‌ವರ್ಕ್‌ಗೆ ಮಾತ್ರ ಹೂಂ ಅನ್ನಿ. ಉಬುಂಟುವಿನಲ್ಲಿ ಎಚ್ಚರ: ಡಾಕರ್ ತೆರೆದ ಪೋರ್ಟ್ ಯುಎಫ್‌ಡಬ್ಲ್ಯು ಫೈರ್‌ವಾಲ್‌ನ ನಿಯಮಗಳನ್ನು ದಾಟಿಕೊಂಡು ಹೋಗುತ್ತದೆ. ಇಂಟರ್ನೆಟ್‌ಗೆ ನೇರ ತೆರೆದ ಸರ್ವರ್ ಆದರೆ "-ಪಿ 127.0.0.1:8000:8000" ಅಂತ ಬರೆದು ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿ.

## ಹಂತ 6: ಎಂಟ್ರಿಗಳು ಉಳಿಯಬೇಕು

ಇಲ್ಲಿ ನನ್ನದೇ ಕಥೆ. ಸುಗ್ಗಿಯ ಸಮಯ, ಮಿಲ್ಲಿನ ಗೇಟಿನ ಹೊರಗೆ ಲಾರಿ ಸಾಲು. ಚೀಟಿಯಲ್ಲಿ ಹಮಾಲಿ ಲೆಕ್ಕವೂ ಬರಲಿ ಅಂತ ಮಾಲೀಕರು ಕೇಳಿದರು. ಕೋಡ್ ತಿದ್ದಿದೆ, ಹೊಸ ಇಮೇಜ್ ಮಾಡಿದೆ, ಹಳೆಯ ಕಂಟೇನರ್ ಅಳಿಸಿ ಹೊಸದನ್ನು ಓಡಿಸಿದೆ. ಪೇಜ್ ಚೆಂದ ಬಂತು. ಪಟ್ಟಿ ಖಾಲಿ. ಎರಡು ದಿನದ ಎಂಟ್ರಿ ಹಳೆಯ ಕಂಟೇನರ್ ಜೊತೆಗೇ ಹೋಗಿತ್ತು. ಗುಮಾಸ್ತರು ಕಾಗದದ ಕಾಟಾ ಚೀಟಿಗಳನ್ನು ತಂತಿಗೆ ಚುಚ್ಚಿ ಇಟ್ಟಿದ್ದರು, ಪುಣ್ಯ. ಅವರು ಒಂದೊಂದೇ ಕಿತ್ತು ಓದಿದರು, ನಾನು ರಾತ್ರಿ ಹನ್ನೊಂದರವರೆಗೆ ಟೈಪ್ ಮಾಡಿದೆ. "ಈ ಕಂಪ್ಯೂಟರ್ ನನ್ನ ತಂತಿಗಿಂತ ಜಾಣ ಅಂದ್ರಲ್ರಿ?" ಅಂದರು. ಉತ್ತರ ಇರಲಿಲ್ಲ.

ಕಂಟೇನರ್ ನಿಲ್ಲಿಸಿದರೆ ಒಳಗಿನ ಫೈಲ್ ಹೋಗುವುದಿಲ್ಲ. ಅಳಿಸಿದರೆ ಹೋಗುತ್ತದೆ. ಅದಕ್ಕೇ ವಾಲ್ಯೂಮ್:

ಡಾಕರ್ ರನ್ -ಡಿ --ನೇಮ್ ಕಾಟಾ -ಪಿ 8000:8000 -ವಿ ಕಾಟಾ-ಡೇಟಾ:/ಡೇಟಾ ಕಾಟಾ:1

"ಕಾಟಾ-ಡೇಟಾ" ಕಂಟೇನರ್ ಹೊರಗಿರುವ ಜಾಗ. ಒಳಗೆ ಅದು /ಡೇಟಾ ಆಗಿ ಕಾಣುತ್ತದೆ. ಡಾಕರ್‌ಫೈಲ್‌ನಲ್ಲಿ ಡಿಬಿ_ಪಾತ್ ಅದೇ ಫೋಲ್ಡರ್‌ಗೆ ಕೊಟ್ಟಿದ್ದೇವೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ವಾಲ್ಯೂಮ್ ಖಾಲಿ ಇರುತ್ತದೆ, ಫೈಲ್ ಕಂಟೇನರ್ ಒಳಗೇ ಬೆಳೆಯುತ್ತದೆ. ಯಾವ ಎರರ್ರೂ ಬರುವುದಿಲ್ಲ. ಆದ್ದರಿಂದ ಪರೀಕ್ಷೆ ಕಡ್ಡಾಯ. ಒಂದು ಸುಳ್ಳು ಎಂಟ್ರಿ ಹಾಕಿ, "ಡಾಕರ್ ಆರ್‌ಎಂ -ಎಫ್ ಕಾಟಾ" ಅಂತ ಕಂಟೇನರ್ ಅಳಿಸಿ, ಮೇಲಿನ ಕಮಾಂಡ್ ಮತ್ತೆ ಓಡಿಸಿ. ಎಂಟ್ರಿ ಇದ್ದರೆ ಮಾತ್ರ ಮುಂದೆ ಹೋಗಿ.

"ಅನೇಬಲ್ ಟು ಓಪನ್ ಡೇಟಾಬೇಸ್ ಫೈಲ್" ಅಂತ ಬಂದರೆ /ಡೇಟಾ ಫೋಲ್ಡರ್ "ಮಿಲ್" ಬಳಕೆದಾರನ ಹೆಸರಲ್ಲಿ ಇಲ್ಲ. ಡಾಕರ್‌ಫೈಲ್‌ನ ಚೋನ್ ಸಾಲು ಬಿಟ್ಟಿರುತ್ತೀರಿ. ಅದನ್ನು ಸೇರಿಸಿ ಮತ್ತೆ ಬಿಲ್ಡ್ ಮಾಡಿ. ಖಾಲಿ ವಾಲ್ಯೂಮ್ ಅನ್ನೂ ತೆಗೆದು ಹೊಸದಾಗಿ ಆಗಲು ಬಿಡಿ. ಎಂಟ್ರಿ ಇರುವ ವಾಲ್ಯೂಮ್ ಮೇಲೆ ಮಾತ್ರ ಇದನ್ನು ಪ್ರಯೋಗ ಮಾಡಬೇಡಿ. "ಡಾಕರ್ ವಾಲ್ಯೂಮ್ ಆರ್‌ಎಂ" ಹೊಡೆದರೆ ವಾಪಸ್ ಬರುವ ದಾರಿ ಇಲ್ಲ. ಮುಂದೆ ಡಾಕರ್ ಕಂಪೋಸ್ (ರನ್ ಆಯ್ಕೆಗಳನ್ನು ಫೈಲಿನಲ್ಲಿ ಬರೆದಿಡುವ ಸಾಧನ) ಬಳಸುವವರು "ಡೌನ್ -ವಿ" ಬಗ್ಗೆಯೂ ಅಷ್ಟೇ ಹುಷಾರಾಗಿರಿ.

## ಹಂತ 7: ಕರೆಂಟ್ ಮತ್ತು ಗಡಿಯಾರ

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಅಂತ ಹೇಳಬೇಕಾಗಿಲ್ಲ, ಅಲ್ವಾ. ಯುಪಿಎಸ್ ಕೈಕೊಟ್ಟು ಮಷೀನ್ ಮತ್ತೆ ಆನ್ ಆದಾಗ ಕಂಟೇನರ್ ತಾನಾಗಿ ಏಳುವುದಿಲ್ಲ. ರನ್ ಕಮಾಂಡ್‌ನಲ್ಲಿ, ಇಮೇಜ್ ಹೆಸರಿಗಿಂತ ಮೊದಲು, ಈ ಎರಡು ಸೇರಿಸಿ:

--ರೀಸ್ಟಾರ್ಟ್ ಅನ್‌ಲೆಸ್-ಸ್ಟಾಪ್ಡ್
-ಇ ಟಿಝಡ್=ಏಷ್ಯಾ/ಕೋಲ್ಕತಾ

ಮೊದಲನೆಯದು ನೀವೇ ನಿಲ್ಲಿಸದ ಹೊರತು ಮತ್ತೆ ಎಬ್ಬಿಸುತ್ತದೆ. ಆದರೆ ಡಾಕರ್ ತಾನೇ ಎದ್ದಿದ್ದರೆ ತಾನೆ? ಉಬುಂಟುವಿನಲ್ಲಿ ಡಾಕರ್ ಸರ್ವಿಸ್ ಬೂಟ್ ಆದಾಗ ಶುರುವಾಗುವಂತೆ ಇದೆಯಾ ನೋಡಿ. ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಯಾರಾದರೂ ಲಾಗಿನ್ ಆದ ಮೇಲೆಯೇ ಏಳುವುದು. ಸೆಟ್ಟಿಂಗ್ಸ್‌ನಲ್ಲಿ ಸೈನ್ ಇನ್ ಆದಾಗ ಶುರುವಾಗಲಿ ಎಂಬುದಕ್ಕೆ ಟಿಕ್ ಹಾಕಿ, ಲಾಗಿನ್ ಆಗಬೇಕು ಅಂತ ಗುಮಾಸ್ತರಿಗೂ ಹೇಳಿಡಿ. ಶಾಶ್ವತವಾಗಿ ಓಡಬೇಕಾದರೆ ಹಳೆಯ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕುವುದೇ ವಾಸಿ.

ಎರಡನೆಯದು ಗಡಿಯಾರ. ಕಂಟೇನರ್ ಲೆಕ್ಕ ಯುಟಿಸಿ (ಅಂತರರಾಷ್ಟ್ರೀಯ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5 ಗಂಟೆಗೆ ಕಾಟಾ ಮೇಲೆ ನಿಂತ ಲಾರಿಗೆ ಹಿಂದಿನ ದಿನದ ತಾರೀಕು, ರಾತ್ರಿ 11:30 ಅಂತ ಚೀಟಿ ಬರುತ್ತದೆ. ದಿನದ ಒಟ್ಟು ತಾಳೆಯಾಗುವುದಿಲ್ಲ. ಸಮಯವನ್ನು ಪೈಥಾನ್‌ನಿಂದ ತೆಗೆದುಕೊಳ್ಳಿ. ಎಸ್‌ಕ್ಯೂಲೈಟ್‌ನ ಕರೆಂಟ್ ಟೈಮ್‌ಸ್ಟ್ಯಾಂಪ್ ಈ ಸೆಟ್ಟಿಂಗ್ ಹಾಕಿದರೂ ಯುಟಿಸಿಯನ್ನೇ ಕೊಡುತ್ತದೆ.

ಲಾಗ್ ಕೂಡ ಮಿತಿಯಿಲ್ಲದೆ ಬೆಳೆಯುತ್ತದೆ. "--ಲಾಗ್-ಆಪ್ಟ್ ಮ್ಯಾಕ್ಸ್-ಸೈಜ್=10ಎಂ" ಸೇರಿಸಿದರೆ ಡಿಸ್ಕ್ ತುಂಬುವ ಭಯ ಇಲ್ಲ.

## ಹಂತ 8: ಬಿದ್ದರೆ ಎಲ್ಲಿ ನೋಡುವುದು

"ಡಾಕರ್ ಪಿಎಸ್ -ಎ" ಹೊಡೆಯಿರಿ. "-ಎ" ಇಲ್ಲದಿದ್ದರೆ ನಿಂತುಹೋದ ಕಂಟೇನರ್ ಕಾಣುವುದೇ ಇಲ್ಲ. "ಎಕ್ಸಿಟೆಡ್" ಪಕ್ಕದ ಕಂಸದಲ್ಲಿರುವ ನಂಬರ್ ಓದಿ.

1 ಅಥವಾ 3 ಇದ್ದರೆ ಪೈಥಾನ್ ಎರರ್. "ಡಾಕರ್ ಲಾಗ್ಸ್ ಕಾಟಾ" ಹಾಕಿ ಕೊನೆಯ ಸಾಲುಗಳನ್ನು ನೋಡಿ. 127 ಇದ್ದರೆ, ಇಲ್ಲವೇ ರನ್ ಮಾಡಿದಾಗಲೇ "ನಾಟ್ ಫೌಂಡ್" ಅಂತ ಬಂದರೆ, ಕಮಾಂಡ್ ಸಿಕ್ಕಿಲ್ಲ, ಗುನಿಕಾರ್ನ್ ಪಟ್ಟಿಯಲ್ಲಿ ಬಿಟ್ಟಿದ್ದೀರಿ ಅಥವಾ ಸ್ಪೆಲ್ಲಿಂಗ್ ತಪ್ಪು. 137 ಇದ್ದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ, ಬಹಳ ಸಲ ಮೆಮೊರಿ ಸಾಲದೆ.

"ಡಾಕರ್ ಸ್ಟಾಪ್" ಪ್ರತಿ ಸಲ ಸರಿಯಾಗಿ 10 ಸೆಕೆಂಡ್ ತೆಗೆದುಕೊಂಡರೆ ಅದೂ ಒಂದು ಸೂಚನೆ. ನಿಲ್ಲು ಎಂಬ ಮಾತು ಆ್ಯಪ್‌ಗೆ ತಲುಪುತ್ತಿಲ್ಲ, ಕಾದು ಕಾದು ಡಾಕರ್ ಕೊಲ್ಲುತ್ತಿದೆ. ಸಿಎಂಡಿ ಸಾಲಿನ ಚೌಕ ಕಂಸ ಮತ್ತೆ ನೋಡಿ.

## ಹಂತ 9: ಮಿಲ್ಲಿಗೆ ಒಯ್ಯುವುದು, ಹೊಸ ವರ್ಶನ್ ಹಾಕುವುದು

ಮಿಲ್ಲಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಮನೆಯಲ್ಲಿ "ಡಾಕರ್ ಸೇವ್ -ಓ ಕಾಟಾ1.ಟಾರ್ ಕಾಟಾ:1", ಪೆನ್‌ಡ್ರೈವ್, ಅಲ್ಲಿ "ಡಾಕರ್ ಲೋಡ್ -ಐ ಕಾಟಾ1.ಟಾರ್". ಹೊಸ ಮ್ಯಾಕ್‌ನಲ್ಲಿ ಬಿಲ್ಡ್ ಮಾಡಿದ್ದರೆ ಮಿಲ್ಲಿನ ಇಂಟೆಲ್ ಮಷೀನಿನಲ್ಲಿ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರುತ್ತದೆ. ಬಿಲ್ಡ್ ಕಮಾಂಡ್‌ಗೆ "--ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64" ಸೇರಿಸಿ ಮತ್ತೆ ಮಾಡಿ.

ಹೊಸ ವರ್ಶನ್ ಹಾಕುವ ಕ್ರಮ: ಲಾರಿ ಇಲ್ಲದ ಹೊತ್ತು ನೋಡಿ ಕಂಟೇನರ್ ನಿಲ್ಲಿಸಿ. ನಿಂತಿರುವಾಗಲೇ "ಡಾಕರ್ ಸಿಪಿ ಕಾಟಾ:/ಡೇಟಾ/ಕಾಟಾ.ಡಿಬಿ ." ಹೊಡೆದು ಫೈಲನ್ನು ಹೊರಗೆ ತೆಗೆದುಕೊಳ್ಳಿ. ಬರೆಯುತ್ತಿರುವಾಗ ಕಾಪಿ ಮಾಡಿದರೆ ಅರೆಬರೆ ಫೈಲ್ ಸಿಗಬಹುದು. ಆ ಕಾಪಿಯನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ಕೊನೆಯ ಲಾರಿ ಇದೆಯಾ ನೋಡಿ. ಇದ್ದರೆ ಹಳೆಯ ಕಂಟೇನರ್ ಅಳಿಸಿ. ಎಲ್ಲ ಆಯ್ಕೆ ಸೇರಿಸಿದ ಪೂರ್ತಿ ರನ್ ಕಮಾಂಡ್ ಅನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರಿ. ಅದರಲ್ಲಿ ಕಾಟಾ:1 ಇರುವ ಕಡೆ ಕಾಟಾ:2 ಮಾಡಿ ಓಡಿಸಿ. ಮೊದಲ ಚೀಟಿಯ ತಾರೀಕು, ಚೀಲದ ಲೆಕ್ಕ, ಹಿಂದಿನ ಎಂಟ್ರಿಗಳು ಮೂರನ್ನೂ ಗುಮಾಸ್ತರ ಕೈಯಲ್ಲೇ ನೋಡಿಸಿ. ಅವರು ಹೂಂ ಅಂದ ಮೇಲೆ ಗೇಟ್ ತೆರೆಯಲಿ. ಕಾಟಾ:1 ಇಮೇಜ್ ಅನ್ನು ಇನ್ನೊಂದು ವಾರ ಅಳಿಸಬೇಡಿ, ತಂತಿಗೆ ಚುಚ್ಚಿದ ಚೀಟಿಗಳನ್ನೂ ಬಿಸಾಡಲು ಹೇಳಬೇಡಿ.